ಸೋರೆಬಳ್ಳಿಯ ಬೀಗರು

ಹಿತ್ತಲಿನ ತಗಡಿನ ಶೆಡ್ಡು ಒಂದು ಕಡೆಗೆ ವಾಲಿಕೊಂಡು, ಇವತ್ತು ಯಾರ ತಲೆ ಮೇಲೆ ಬೀಳಲಿ ಎಂದು ಕಾಯುತ್ತಿರುವಂತೆ ನಿಂತಿತ್ತು. ಕೊನೆಗೂ ಮಾಲೀಕರು ಮನಸ್ಸು ಮಾಡಿ ಅದನ್ನು ಕೆಡವಿಸಿದರು. ತಗಡು, ತೊಲೆ, ಒಡೆದ ಇಟ್ಟಿಗೆ ಎಲ್ಲ ಲಾರಿ ಹತ್ತಿ ಹೋದ ಮೇಲೆ ನೋಡಿದರೆ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಮಣ್ಣು ಅಲ್ಲಿತ್ತು.

"ಒಂದು ಬಸ್ಸು ಆರಾಮಾಗಿ ನಿಲ್ಲಿಸಬಹುದು," ಎಂದಳು ಕೆಳಗಿನ ಮನೆಯ ಡ್ರೈವರಮ್ಮ. ಅವಳ ಅಳತೆಯೆಲ್ಲ ಬಸ್ಸಿನ ಲೆಕ್ಕದಲ್ಲೇ ಇರುತ್ತಿತ್ತು. ಸಿಟಿ ಬಸ್ಸು ಓಡಿಸುವವಳು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದಳು. ಗಂಡ ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೊಮ್ಮೆ ಬಂದು, ಮನೆಯ ಪಾತ್ರೆಗಳೆಲ್ಲ ಆಟದ ಸಾಮಾನಿನ ಹಾಗಿವೆ ಎಂದು ಗೊಣಗಿ ಮತ್ತೆ ಹಡಗು ಹತ್ತುತ್ತಿದ್ದ. ಉಳಿದಂತೆ ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಅತ್ತೆಯನ್ನು ಇಡೀ ಕಟ್ಟಡ ಅಜ್ಜಿ ಎಂದೇ ಕರೆಯುತ್ತಿತ್ತು. ಅಜ್ಜಿಗೆ ಮಂಡಿನೋವಿತ್ತು, ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

ಖಾಲಿ ಜಾಗ ಕಂಡದ್ದೇ ತಡ, ಎಲ್ಲರಿಗೂ ಆಸೆ ಹುಟ್ಟಿತು. ಎರಡನೇ ಮಹಡಿಯ ಬ್ಯಾಂಡ್ ಮೇಷ್ಟ್ರು ಅಲ್ಲೊಂದು ಅಭ್ಯಾಸದ ಕೋಣೆ ಕಟ್ಟಿಸಬೇಕೆಂದರು. ಮೂರನೇ ಮಹಡಿಯ ಸಿಸ್ಟರ್, ಕಲ್ಲು ಹಾಸಿ ಗೇಟಿಗೆ ಬೀಗ ಜಡಿದುಬಿಡಿ, ಸದ್ದಿಲ್ಲದೆ ಇರಲಿ ಎಂದರು. ಮೊದಲನೇ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ವಾಚಣ್ಣನಿಗೆ ತನ್ನ ಸೈಕಲ್ ಇಡಲು ಜಾಗ ಬೇಕಿತ್ತು. ಆದರೆ ಅವನು ಅದನ್ನು ಯಾರ ಹತ್ತಿರವೂ ಹೇಳಲಿಲ್ಲ. ಅವನು ಯಾವುದನ್ನೂ ಯಾರ ಹತ್ತಿರವೂ ಹೇಳುವವನಲ್ಲ. ಗಂಟಲು ಕೆರೆದುಕೊಳ್ಳಬೇಕಾದರೂ ಬಾಗಿಲು ಹಾಕಿಕೊಳ್ಳುವ ಜಾತಿ.

ಮೇಷ್ಟ್ರಿಗೂ ಸಿಸ್ಟರ್‌ಗೂ ಮಾತಿರಲಿಲ್ಲ. ಮೇಷ್ಟ್ರು ಟ್ರಂಪೆಟ್ ಊದುವವರು; ಸಂಜೆ ಕಾರ್ಯಕ್ರಮ, ಹಗಲು ಅಭ್ಯಾಸ. ಸಿಸ್ಟರ್‌ಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಇಷ್ಟು ಹೇಳಿದರೆ ಮಿಕ್ಕಿದ್ದು ಯಾರಿಗಾದರೂ ಅರ್ಥವಾಗುತ್ತದೆ. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಇನ್ನೊಬ್ಬರು ತಮ್ಮ ಚಪ್ಪಲಿ. ಹಾಗಾಗಿ ಹಿತ್ತಲಿನ ವಿಷಯ ಇತ್ಯರ್ಥವಾಗುವ ಲಕ್ಷಣವೇ ಇರಲಿಲ್ಲ.

ಅದೇ ದಿನಗಳಲ್ಲಿ ಡ್ರೈವರಮ್ಮನ ಬಸ್ಸಿನ ಕೊನೇ ಸೀಟಿನ ಕೆಳಗೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಚಪ್ಪಟೆ ಬೀಜಗಳು. ಪ್ರಯಾಣಿಕರು ಮರೆತ ಸಾಮಾನು ತೆಗೆದಿಡುವ ಡಿಪೋ ಗುಮಾಸ್ತನ ಹತ್ತಿರ ಒಯ್ದಳು. ಆತ ಕೊಡೆಗಳ ರಾಶಿಯ ಹಿಂದಿನಿಂದ ತಲೆಯೆತ್ತಿ, "ಇದನ್ನ ಕೇಳಿಕೊಂಡು ಯಾರಮ್ಮ ಬರ್ತಾರೆ? ಇಲ್ಲೇ ಮೊಳಕೆ ಒಡೆದ್ರೆ ನಾನು ಎಲ್ಲಿ ಕೂತ್ಕೊಳ್ಳಲಿ? ತಗೊಂಡು ಹೋಗಿ ಎಲ್ಲಾದ್ರೂ ಹಾಕಿ," ಎಂದ.

ಅವಳು ಅಂದು ಮಧ್ಯಾಹ್ನವೇ ಗುದ್ದಲಿ ಹಿಡಿದಳು. ಅಜ್ಜಿ ಅಡುಗೆಮನೆಯ ಕಿಟಕಿಯಲ್ಲಿ ಕೂತು ಮೇಲ್ವಿಚಾರಣೆ ಮಾಡಿದಳು. ಮಣ್ಣಿನಲ್ಲಿ ಸಿಕ್ಕ ಗಾಜಿನ ಚೂರು, ಮೊಳೆ, ಒಂದು ಹಲ್ಲಿನ ಸೆಟ್ಟು, ಇವನ್ನೆಲ್ಲ ಬಕೆಟ್ಟಿಗೆ ಹಾಕುತ್ತಿರುವಾಗ ವಾಚಣ್ಣ ಮೆಟ್ಟಿಲಿಳಿದು ಬಂದ. ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡು ಹೋಗಿ ಕಸದ ತೊಟ್ಟಿಗೆ ಸುರಿದು ಬಂದ. ಆಮೇಲೆ ಮೇಷ್ಟ್ರ ಹೆಂಡತಿ ಬಾಲ್ಕನಿಯಿಂದ ಬಗ್ಗಿ, "ನಮಗೂ ಒಂದು ಸೀಟು ಹಿಡ್ಕೊಳ್ಳಿ ಡ್ರೈವರಮ್ಮಾ," ಎಂದರು.

ಹೀಗೆ ಹಿತ್ತಲಿನಲ್ಲಿ ಸೀಟು ಹಂಚಿಕೆಯಾಯಿತು. ಗೋಡೆ ಪಕ್ಕದ ಪಟ್ಟಿ ಮೇಷ್ಟ್ರ ಮನೆಯವರಿಗೆ. ಅವರು ಮೆಣಸಿನ ಸಸಿ ನೆಟ್ಟರು. ನಡುವಿನದು ವಾಚಣ್ಣನಿಗೆ, ಅವನು ಕೊತ್ತಂಬರಿಯನ್ನು ಗಡಿಯಾರದ ಹಲ್ಲುಚಕ್ರದಷ್ಟು ಸಮನಾಗಿ ಸಾಲು ಹಿಡಿದು ಬಿತ್ತಿದ. ಡ್ರೈವರಮ್ಮ ಟೊಮೆಟೊ ಹಾಕಿದಳು, ಮೂಲೆಯಲ್ಲಿ ಮಳೆನೀರಿನ ಪೈಪಿನ ಬುಡಕ್ಕೆ ಆ ಪೊಟ್ಟಣದ ಬೀಜ ಊರಿದಳು. ಸಿಸ್ಟರ್‌ಗೂ ಒಂದು ಪಟ್ಟಿ ಬಿಟ್ಟಿದ್ದರು. "ನನಗೆ ಬೇಕಿರೋದು ನಿದ್ದೆ. ಅದನ್ನ ಬೆಳೆಯೋಕೆ ಆಗುತ್ತಾ?" ಎಂದು ಅವರು ಮೇಲೆ ಹೋಗಿಬಿಟ್ಟರು.

ಬೀಜ ಮೊಳೆತು ಎರಡೆಲೆಯಾಗಿ, ನಾಲ್ಕೆಲೆಯಾಗಿ, ಕುಡಿ ಬಿಟ್ಟು ಪೈಪು ಹಿಡಿದಾಗ ಅಜ್ಜಿ ಗುರುತು ಹಿಡಿದಳು. "ಸೋರೆ ಕಣೇ! ಇನ್ನು ನೋಡು, ಇದಕ್ಕೆ ಸಂಕೋಚ ಅಂದ್ರೇನು ಅಂತಾನೇ ಗೊತ್ತಿಲ್ಲ. ಕರೆಯದೆ ಎಲ್ಲರ ಮನೆಗೂ ಹೋಗುತ್ತೆ."

ಹೋಯಿತು. ಮೊದಲನೇ ಮಹಡಿಯಲ್ಲಿ ವಾಚಣ್ಣ ಗಾಳಿಗೆ ಬೀಳದಂತೆ ಅದನ್ನು ಗ್ರಿಲ್ಲಿಗೆ ದಾರದಿಂದ ಕಟ್ಟಿದ. ಎರಡನೇ ಮಹಡಿಯಲ್ಲಿ ಬಳ್ಳಿ ಮೇಷ್ಟ್ರ ಕಿಟಕಿಯನ್ನು ಅರ್ಧ ಮುಚ್ಚಿ, ಒಂದು ಸಂಜೆ ಕೈತುಂಬ ಬಿಳಿ ಹೂವು ಅರಳಿಸಿತು. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಬಂದವರನ್ನೆಲ್ಲ ಕಿಟಕಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬೆಳಗಾದರೆ ಹೂವೆಲ್ಲ ಬಾಡಿ ಕೆಳಗೆ. ಮರುಸಂಜೆ ಮತ್ತೆ ಹೂವು, ಮತ್ತೆ ಕೆಳಗೆ. ಕಾಯಿಯ ಸುಳಿವೇ ಇಲ್ಲ.

"ನಿಮ್ಮನೇಲಿ ಇರೋದೆಲ್ಲ ಗಂಡು ಹೂವು," ಎಂದಳು ಅಜ್ಜಿ. "ಅಲಂಕಾರ ಮಾಡಿಕೊಂಡು ನಿಲ್ಲೋದಷ್ಟೇ ಅವುಗಳ ಕೆಲಸ. ಹೆಣ್ಣು ಹೂವಿಗೆ ಬೆನ್ನ ಹಿಂದೆ ಪುಟ್ಟ ಮಿಡಿ ಇರುತ್ತೆ. ಎಲ್ಲಿದೆ ನೋಡ್ರೋ."

ಹುಡುಕಿದರು. ಮೇಷ್ಟ್ರ ಹೆಂಡತಿ ಬಾಲ್ಕನಿಯಿಂದ ಕತ್ತು ಉದ್ದ ಮಾಡಿ ಮೇಲೆ ನೋಡಿದಾಗ ಕಂಡಿತು. ಹೆಣ್ಣು ಹೂವೆಲ್ಲ ಮೂರನೇ ಮಹಡಿಯ ಗ್ರಿಲ್ಲಿನಲ್ಲಿ! ಹೆಬ್ಬೆರಳುದ್ದದ ಎರಡು ಮಿಡಿಗಳು ಆಗಲೇ ಹಳದಿ ತಿರುಗಿ ಮುರುಟಿಹೋಗಿದ್ದವು.

"ದುಂಬಿಯೋ ಪತಂಗವೋ ಇದ್ದಿದ್ರೆ ಅವೇ ಓಡಾಡಿ ಕೂಡಿಸ್ತಿದ್ವು," ಎಂದಳು ಅಜ್ಜಿ. "ಈ ಬೀದೀಲಿ ಸೊಳ್ಳೆ ಬಿಟ್ರೆ ಏನಿದೆ? ನಾವೇ ಗಂಡು ಹೂವು ಕಿತ್ತು ಒಯ್ದು ಹೆಣ್ಣಿಗೆ ಸೋಕಿಸಬೇಕು. ಹೂವು ಅರಳೋದು ಸಂಜೆ. ಅರಳಿದ ದಿನವೇ ಆಗಬೇಕು."

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗೋಡೆ ನೋಡಿದರು.

"ನಾನೇ ಹೋಗ್ತೀನಿ ಬಿಡಿ," ಎಂದಳು ಡ್ರೈವರಮ್ಮ. ಆದರೆ ಮುಂದಿನ ಹೆಣ್ಣು ಹೂವು ಅರಳಿದ ದಿನವೇ ಡಿಪೋದಲ್ಲಿ ಯಾರೋ ರಜ ಹಾಕಿ, ಸಂಜೆ ಪಾಳಿಯೂ ಅವಳ ಕೊರಳಿಗೆ ಬಿತ್ತು. ಹೊರಡುವ ಮುಂಚೆ ವಾಚಣ್ಣನನ್ನು ಹಿಡಿದು, "ಅಣ್ಣಾ, ಮೇಷ್ಟ್ರ ಮನೆಯಿಂದ ಒಂದು ಹೂವು ಇಸ್ಕೊಂಡು ಸಿಸ್ಟರ್‌ಗೆ ಕೊಟ್ಟು, ವಿಷಯ ಹೇಳಿಬಿಡು. ಎರಡೇ ಮಾತು," ಎಂದಳು.

ವಾಚಣ್ಣನಿಗೆ ಎರಡು ಮಾತೆಂದರೆ ಎರಡು ಬೆಟ್ಟ. ಆದರೂ ಹೋದ. ಬಾಗಿಲು ತೆರೆದ ಸಿಸ್ಟರ್‌ಗೆ ಕಂಡದ್ದು ಇಷ್ಟು: ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಕೈಯಲ್ಲಿ ಒಂದು ಬಿಳಿ ಹೂವು.

"ಏನ್ರೀ ಇದು?"

"ಹೂವು."

"ಅದು ಕಾಣ್ತಿದೆ. ಯಾರಿಗೆ?"

"ಹೆಣ್ಣಿಗೆ. ಅಂದ್ರೆ... ನಿಮ್ಮನೇಲಿರೋ ಹೆಣ್ಣಿಗೆ."

"ನಮ್ಮನೇಲಿರೋದು ನಾನೊಬ್ಬಳೇ."

ವಾಚಣ್ಣನ ಹಣೆಯಲ್ಲಿ ಬೆವರು ಸಾಲುಗಟ್ಟಿತು. "ಇವತ್ತೇ ಆಗಿಬಿಡಬೇಕಂತೆ. ನಾಳೆಗೆ ಬಾಡಿಹೋಗುತ್ತಂತೆ. ಅಜ್ಜಿ ಹೇಳಿದ್ರು."

"ಏನಾಗಿಬಿಡಬೇಕು ಇವತ್ತೇ?"

ವಾಚಣ್ಣ ಹೂವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಂದೇ ಉಸಿರಿಗೆ ಮೆಟ್ಟಿಲಿಳಿದು ಮನೆ ಸೇರಿ ಚಿಲಕ ಹಾಕಿಕೊಂಡ.

ಸಿಸ್ಟರ್ ಆ ಹೂವನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿನ ಮನೆಗೆ ಬಂದರು. "ಅಜ್ಜೀ, ಮೊದಲನೇ ಮಹಡಿಯವರು ನನ್ನ ಬಾಗಿಲಲ್ಲಿ ಇದನ್ನ ಇಟ್ಟು ಓಡಿಹೋದ್ರು. ಅವರಿಗೆ ಹುಷಾರಿದೆಯಾ? ಜ್ವರ ಗಿರ ಏನಾದ್ರೂ?"

ಅಜ್ಜಿಗೆ ವಿಷಯ ಹೊಳೆಯುವುದಕ್ಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ನಗಲು ಶುರುಮಾಡಿದ ರಭಸಕ್ಕೆ ಸಿಸ್ಟರ್ ನಾಡಿ ನೋಡಬೇಕೇನೋ ಎಂದು ಹತ್ತಿರ ಬಂದರು. ನಗುವಿನ ನಡುನಡುವೆ ಅಜ್ಜಿ ಗಂಡು ಹೂವು, ಹೆಣ್ಣು ಹೂವು, ಮುರುಟಿದ ಮಿಡಿ ಎಲ್ಲ ವಿವರಿಸಿದಳು. ಸಿಸ್ಟರ್ ಮೊದಲು ತುಟಿ ಬಿಗಿಹಿಡಿದರು. ಆಮೇಲೆ ಅವರಿಂದಲೂ ಆಗಲಿಲ್ಲ. ಕುರ್ಚಿಗೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಮೆಟ್ಟಿಲು ಹತ್ತಿ ಮೊದಲನೇ ಮಹಡಿಗೆ ಕೇಳಿಸಿ, ಚಿಲಕ ಹಾಕಿಕೊಂಡಿದ್ದ ವಾಚಣ್ಣ ದಿಂಬಿನಲ್ಲಿ ಮುಖ ಮುಚ್ಚಿಕೊಂಡ.

"ಆ ಪಾಪದ ಮನುಷ್ಯನ್ನ ಇನ್ನು ಕಳಿಸಬೇಡಿ," ಎಂದರು ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತ. "ನಗುವ ಭರದಲ್ಲಿ ಈ ಹೂವು ಕೈಯಲ್ಲೇ ನಜ್ಜುಗುಜ್ಜಾಯ್ತು. ನಾಳೆ ಇನ್ನೊಂದು ಮೊಗ್ಗು ಅರಳೋ ಹಾಗಿದೆ. ಬೇರೆ ಯಾರಾದ್ರೂ ತರಲಿ."

"ಗಂಡು ಇರೋದು ಮೇಷ್ಟ್ರ ಮನೇಲಿ," ಎಂದಳು ಅಜ್ಜಿ.

ಸಿಸ್ಟರ್ ಕೈಯಲ್ಲಿದ್ದ ನಜ್ಜಿದ ಹೂವನ್ನು ತಿರುಗಿಸಿ ನೋಡಿದರು. "ಹೂವು ಮಾತ್ರ ಬರಲಿ ಅನ್ನೋಣ ಅಂದ್ರೆ ಅದಕ್ಕೆ ಕಾಲಿಲ್ಲವಲ್ಲ. ಬರಲಿ ಬಿಡಿ."

ಮರುದಿನ ಸಂಜೆ ಮೇಷ್ಟ್ರು ಹೊರಟಾಗ ಹೆಂಡತಿ ಬಾಗಿಲವರೆಗೂ ಬಂದು ಕಿವಿಮಾತು ಹೇಳಿದರು. "ಗಂಡಿನ ಕಡೆಯವರು ಅಂತ ಜಂಬ ಮಾಡಬೇಡಿ. ಅವರು ಏನಾದ್ರೂ ಅಂದ್ರೂ ಬಾಯಿ ಮುಚ್ಚಿಕೊಂಡಿರಿ. ಟ್ರಂಪೆಟ್ ವಿಷಯ ಎತ್ತಬೇಡಿ."

ಮೇಷ್ಟ್ರದು ದೊಡ್ಡ ದೇಹ. ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಸಿಸ್ಟರ್ ಬಾಗಿಲು ತೆರೆದು ನೇರವಾಗಿ ಸಿಂಕಿನ ಕಡೆ ಕೈ ತೋರಿಸಿದರು. "ಕೈ ತೊಳ್ಕೊಳ್ಳಿ. ಸೋಪು ಹಾಕಿ."

"ಹೂವಿಗಾ?"

"ನಮ್ಮನೇಲಿ ಯಾವುದಕ್ಕೇ ಆದ್ರೂ."

ಮೇಷ್ಟ್ರು ತೊಳೆದುಕೊಂಡರು. ಸಿಸ್ಟರ್ ಗಂಡು ಹೂವಿನ ಎಸಳುಗಳನ್ನು ಬಿಡಿಸಿ, ಗ್ರಿಲ್ಲಿನಾಚೆ ಕೈ ಚಾಚಿ, ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸೋಕಿಸಿದರು. ಮೇಷ್ಟ್ರು ಉಸಿರು ಬಿಗಿಹಿಡಿದು ನಿಂತಿದ್ದರು. ಕೆಲಸ ಮುಗಿಯಿತು. ಇನ್ನು ಹೊರಡಬೇಕು. ಹೊರಡುವ ಮುಂಚೆ ಏನಾದರೂ ಹೇಳಬೇಕಲ್ಲ ಎಂದು ಅವರು ಕೋಣೆಯೊಳಗೆ ಕಣ್ಣಾಡಿಸಿದರು. ಕಿಟಕಿಗೆ ದಪ್ಪ ಕಂಬಳಿಯ ಪರದೆ, ಮಂಚದ ತಲೆದೆಸೆಯಲ್ಲಿ ಹತ್ತಿಯ ಉಂಡೆಗಳ ಡಬ್ಬಿ.

"ಹತ್ತಿ ಆಸ್ಪತ್ರೆಯದಾ?"

"ಕಿವಿಗೆ," ಎಂದರು ಸಿಸ್ಟರ್. "ನಿಮ್ಮ ಟ್ರಂಪೆಟ್ಟು ಆ ಪೈಪಿನ ಸಂದಿಯಿಂದ ಸೀದಾ ನನ್ನ ದಿಂಬಿಗೇ ಬರುತ್ತೆ."

ಮೇಷ್ಟ್ರಿಗೆ ಹೆಂಡತಿಯ ಕಿವಿಮಾತು ಮರೆತೇಹೋಯಿತು. "ಮತ್ತೆ ನೀವು ತಾಳ ಹಾಕ್ತಿದ್ರಲ್ಲ?"

"ತಾಳವಾ?"

"ಮೇಲಿಂದ ಕುಟ್ಟುತಿದ್ರಲ್ಲ, ಧಡ್ ಧಡ್ ಅಂತ. ನನ್ನ ಹೆಂಡತಿಗೂ ಹೇಳ್ತಿದ್ದೆ, ಮೇಲಿನ ಮನೆಯವರಿಗೆ ಸಂಗೀತದ ರುಚಿ ಇದೆ ಅಂತ. ಒಂದೊಂದು ಸಲ ನಿಮ್ಮ ತಾಳ ತಪ್ಪುತಿತ್ತು. ಸರಿಯಾಗಿ ಕೇಳಿಸಲಿ ಅಂತ ನಾನು ಇನ್ನೂ ಜೋರಾಗಿ ಊದ್ತಿದ್ದೆ."

"ಪೊರಕೆ ಹಿಡಿಯಲ್ಲಿ ಕುಟ್ಟುತಿದ್ದೆ ಕಣ್ರೀ, ನಿಲ್ಲಿಸಲಿ ಅಂತ!"

"ಅಯ್ಯೋ! ಅದಕ್ಕೇನಾ ಆವತ್ತು ಮೆಟ್ಟಿಲಲ್ಲಿ 'ಇವತ್ತು ಹೇಗಿತ್ತು?' ಅಂತ ಕೇಳಿದ್ದಕ್ಕೆ ನೀವು ಮುಖ ತಿರುಗಿಸಿ ಹೋಗಿದ್ದು?"

"ಅಣಕಿಸ್ತಿದೀರಿ ಅಂದ್ಕೊಂಡೆ."

ಮೇಷ್ಟ್ರ ಮುಖ ನೋಡಿದರೆ ಸಿಸ್ಟರ್‌ಗೇ ಕನಿಕರವಾಯಿತು. ಇದ್ದ ಒಬ್ಬ ಅಭಿಮಾನಿಯನ್ನೂ ಕಳೆದುಕೊಂಡ ಮನುಷ್ಯ. "ಕೂತ್ಕೊಳ್ಳಿ, ಟೀ ಮಾಡ್ತೀನಿ," ಎಂದರು. "ಕೆಟ್ಟದಾಗಿ ಊದ್ತೀರಿ ಅಂತಲ್ಲ. ಸಂಜೆ ನಾನು ಡ್ಯೂಟಿಗೆ ರೆಡಿಯಾಗೋ ಹೊತ್ತಿಗೆ ಊದಿದ್ರೆ ಕೇಳ್ತೀನಿ. ಖಂಡಿತ ಕೇಳ್ತೀನಿ."

ಅಂದಿನಿಂದ ಮೇಷ್ಟ್ರು ಕಾರ್ಯಕ್ರಮವಿಲ್ಲದ ಸಂಜೆ ಹಿತ್ತಲಿಗಿಳಿದು ಮೆಣಸಿನ ಗಿಡಗಳ ಮುಂದೆ ನಿಂತು ಊದತೊಡಗಿದರು. ಹಗಲು ಟ್ರಂಪೆಟ್ಟು ಪೆಟ್ಟಿಗೆಯಲ್ಲೇ ಇರುತ್ತಿತ್ತು. ಸಿಸ್ಟರ್ ಡ್ಯೂಟಿಗೆ ಹೊರಟವರು ಐದು ನಿಮಿಷ ನಿಂತು ಕೇಳಿ, "ಪರವಾಗಿಲ್ಲ, ನಿದ್ದೆ ಮಾಡಿದ ಕಿವಿಗೆ ಚೆನ್ನಾಗೇ ಇದೆ," ಎಂದು ಹೋಗುತ್ತಿದ್ದರು. ಗೋಡೆಯಾಚೆಯ ಕಟ್ಟಡದ ಕಿಟಕಿಗಳಲ್ಲೂ ತಲೆಗಳು ಕಾಣಿಸಿಕೊಂಡವು.

ಮಿಡಿ ಈ ಸಲ ಹಳದಿಯಾಗಲಿಲ್ಲ. ಹೆಬ್ಬೆರಳಿದ್ದದ್ದು ಮುಂಗೈಯಾಯಿತು, ಮುಂಗೈಯಿದ್ದದ್ದು ಮೊಳಕೈವರೆಗೆ ಬಂತು. ಮೂರನೇ ಮಹಡಿಯಲ್ಲಿ ಹುಟ್ಟಿ, ತೂಕಕ್ಕೆ ಜೋತು ಎರಡನೇ ಮಹಡಿಯ ಕಿಟಕಿಯೆದುರು ತೂಗಾಡತೊಡಗಿತು. ಇದು ಯಾರ ಕಾಯಿ ಎಂಬ ಚರ್ಚೆ ಮೆಟ್ಟಿಲಲ್ಲಿ ದಿನವೂ ನಡೆಯಿತು.

"ಹೆತ್ತೋರು ನಾವು," ಎಂದರು ಸಿಸ್ಟರ್.

"ಸಾಕ್ತಿರೋರು ನಾವು," ಎಂದರು ಮೇಷ್ಟ್ರು.

"ಬುಡ ನಂದು," ಎಂದಳು ಡ್ರೈವರಮ್ಮ.

ವಾಚಣ್ಣ ಬಳ್ಳಿಯ ದಾರ ಸಡಿಲವಾಗಿದೆಯೇ ಎಂದು ನೋಡಲು ಹೋದ. ಅಜ್ಜಿ ಮಾತ್ರ ತೀರ್ಪು ಕೊಟ್ಟಳು: "ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಅಂದ ಮೇಲೆ ನೀವಿಬ್ಬರೂ ಈಗ ಬೀಗರು. ಬೀಗರು ಮೆಟ್ಟಿಲಲ್ಲಿ ನಿಂತು ಕಿತ್ತಾಡಬಾರದು. ಒಳಗೆ ಬಂದು ಕಿತ್ತಾಡಿ." ಆಮೇಲೆ ಮೇಷ್ಟ್ರು ಸಿಸ್ಟರ್ ಅವರನ್ನು ಬೀಗಿತ್ತಿ ಎಂದೇ ಕರೆದರು. ಸಿಸ್ಟರ್ ಕಣ್ಣು ಕೆಕ್ಕರಿಸಿದರೂ ಓಗೊಡುತ್ತಿದ್ದರು.

ಒಂದು ಮಧ್ಯಾಹ್ನ ಆಕಾಶ ಇದ್ದಕ್ಕಿದ್ದಂತೆ ಕಪ್ಪಾಗಿ ಗಾಳಿ ಎದ್ದಿತು. ಒಣಹಾಕಿದ ಬಟ್ಟೆಗಳು ಬೀದಿ ಪಾಲಾದವು. ಮೇಷ್ಟ್ರು ಕಿಟಕಿ ಮುಚ್ಚಲು ಹೋದವರು ಮೇಲೆ ನೋಡಿ ಗಾಬರಿಯಾದರು. ಮಳೆನೀರಿನ ಪೈಪಿನ ಮೇಲಿನ ಕೊಂಡಿ ಗೋಡೆಯಿಂದ ಕಿತ್ತುಬಂದಿತ್ತು. ಪೈಪು ಅಲುಗಿದಂತೆಲ್ಲ ಬಳ್ಳಿ ಮೂರನೇ ಮಹಡಿಯ ಗ್ರಿಲ್ಲಿನಿಂದ ಒಂದೊಂದೇ ಕುಡಿ ಬಿಚ್ಚಿಕೊಂಡು ಜಾರುತ್ತಿತ್ತು. ಕೆಳಗಿನಿಂದ ಹಿಡಿಯಲು ಎಟುಕದು. ಮೇಲಿನಿಂದ ಹಿಡಿಯಬೇಕಾದವರು ಕಿವಿಗೆ ಹತ್ತಿ ತುಂಬಿಕೊಂಡು ಗಾಢ ನಿದ್ದೆಯಲ್ಲಿದ್ದರು.

ಮೇಷ್ಟ್ರ ಹೆಂಡತಿ ಮೇಲೆ ಓಡಿ ಬಾಗಿಲು ಬಡಿದರು. ಬೆಲ್ ಒತ್ತಿದರು. "ಏಳ್ತಾನೇ ಇಲ್ಲ ರೀ!" ಎಂದು ಕೂಗಿದರು.

ಮೇಷ್ಟ್ರು ಪೆಟ್ಟಿಗೆ ತೆರೆದರು. ಪೈಪಿನ ಸಂದಿಗೆ ಟ್ರಂಪೆಟ್ಟಿನ ಬಾಯಿಟ್ಟು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಊದಿದರು. ಬೀದಿಯ ನಾಯಿಗಳೆಲ್ಲ ಬೊಗಳತೊಡಗಿದವು. ಎದುರಿನ ಕಟ್ಟಡದವರು ಬೆಂಕಿ ಬಿತ್ತೇನೋ ಎಂದು ಹೊರಗೆ ಬಂದರು. ಮೇಲೆ ಕಿಟಕಿ ಧಡಾರನೆ ತೆರೆಯಿತು. ಕೆದರಿದ ಕೂದಲು, ಉರಿಯುವ ಕಣ್ಣು, ಕೈಯಲ್ಲಿ ಪೊರಕೆ.

"ಮೇಷ್ಟ್ರೇ!"

"ಬೀಗಿತ್ತೀ, ಆಮೇಲೆ ಬೈಯಿರಿ! ಬಳ್ಳಿ ಹಿಡ್ಕೊಳ್ಳಿ, ಬಳ್ಳಿ!"

ಸಿಸ್ಟರ್ ನೋಡಿದರು. ಪೊರಕೆ ಬಿಸಾಕಿ ಎರಡೂ ಕೈಯಲ್ಲಿ ಬಳ್ಳಿ ಹಿಡಿದರು. ಮೇಷ್ಟ್ರು ತಮ್ಮ ಕಿಟಕಿಯಿಂದ ಕಾಯಿಯ ಕೆಳಗೆ ಅಂಗೈ ಚಾಚಿದರು. ಬೆರಳ ತುದಿಗಷ್ಟೇ ತಾಗಿತು. ವಾಚಣ್ಣ ಮೊದಲನೇ ಮಹಡಿಯಿಂದ ಹೊರಗೆ ಬಗ್ಗಿ ಪೈಪು ಹಿಡಿದುಕೊಂಡ. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಡ್ರೈವರಮ್ಮ ಗೇಟಿನಲ್ಲೇ ಬ್ಯಾಗು ಎಸೆದು ಓಡಿಬಂದಳು. ಅಜ್ಜಿ ಮಂಚದ ಹಾಸು ಎಳೆದುಕೊಂಡು, ಮಂಡಿನೋವನ್ನು ಒಳಗೇ ಬಿಟ್ಟು, ಹಿತ್ತಲಿಗೆ ಬಂದಾಗಿತ್ತು.

"ಇನ್ನೊಂದು ತುದಿ ಹಿಡಿಯೋರು ಬೇಕು!" ಎಂದು ಕೂಗಿದಳು ಅಜ್ಜಿ.

ಆಗ ವಾಚಣ್ಣನ ದನಿ ಇಡೀ ಕಟ್ಟಡಕ್ಕೆ ಮೊದಲ ಸಲ ಜೋರಾಗಿ ಕೇಳಿಸಿತು. "ಗೋಡೆ ಹತ್ತಿ ಬನ್ನಿ! ನಿಂತ್ಕೊಂಡು ಏನ್ ನೋಡ್ತಿದೀರಿ, ಬನ್ರೀ!" ಅವನು ಕೂಗಿದ್ದು ಗೋಡೆಯಾಚೆ ಕತ್ತು ಚಾಚಿ ನಿಂತಿದ್ದ ಪಕ್ಕದ ಕಟ್ಟಡದವರಿಗೆ. ಸೀರೆಯ ಸೆರಗು ಸಿಕ್ಕಿಸಿಕೊಂಡು ಒಬ್ಬಾಕೆ, ಲುಂಗಿ ಎತ್ತಿ ಕಟ್ಟಿ ಇಬ್ಬರು, ಗೋಡೆ ದಾಟಿ ಧುಮುಕಿ ಹಾಸಿನ ತುದಿ ಹಿಡಿದರು. ಹಿಡಿದದ್ದೇ ತಡ, ಕಾಯಿಯ ತೊಟ್ಟು ಚಟ್ಟೆಂದಿತು. ಸೋರೆಕಾಯಿ ಮೇಷ್ಟ್ರ ಬೆರಳ ಮೇಲಿಂದ ಜಾರಿ, ವಾಚಣ್ಣನ ಮೂಗಿನ ಮುಂದೆ ಹಾದು, ಹಾಸಿನ ನಡುವಿಗೆ ಧೊಪ್ಪೆಂದು ಬಿದ್ದು, ಒಮ್ಮೆ ಪುಟಿದು ಸುಮ್ಮನಾಯಿತು.

ಅಜ್ಜಿ ಹತ್ತಿರ ಹೋಗಿ ಬೆರಳಲ್ಲಿ ತಟ್ಟಿ ನೋಡಿದಳು. "ಎಳೆಯದೇ ಇದೆ. ಸರಿಯಾದ ಹೊತ್ತಿಗೇ ಬಿದ್ದಿದೆ. ಒಲೆ ಹಚ್ಚೇ!"

ಮಳೆ ನಾಲ್ಕು ಹನಿ ಉದುರಿಸಿ ಹೊರಟುಹೋಯಿತು. ಸಂಜೆ ಹಿತ್ತಲಿನಲ್ಲೇ ಚಾಪೆ, ಕುರ್ಚಿ, ಮಣೆ, ಯಾರ ಮನೆಯಲ್ಲಿ ಏನಿತ್ತೋ ಅದು ಬಂತು. ಸೋರೆಯ ಅಡುಗೆಗೆ ಮೇಷ್ಟ್ರ ಮೆಣಸು, ವಾಚಣ್ಣನ ಕೊತ್ತಂಬರಿ, ಡ್ರೈವರಮ್ಮನ ಟೊಮೆಟೊ ಬಿದ್ದವು. ಗೋಡೆ ಹಾರಿ ಬಂದವರು ಮತ್ತೆ ಗೋಡೆ ಹಾರಿ ಹೋಗಿ ತಮ್ಮ ತಮ್ಮ ಮನೆಯ ಪಾತ್ರೆಗಳೊಂದಿಗೆ ಮತ್ತೆ ಬಂದರು. ಸೆರಗು ಸಿಕ್ಕಿಸಿಕೊಂಡು ಬಂದಿದ್ದಾಕೆ ಅಂಚೆ ಕಚೇರಿಯವರಂತೆ. "ನಮ್ಮ ಕಡೆಯೂ ಇಷ್ಟೇ ಜಾಗ ಇದೆ, ಕಸ ಹಾಕ್ತಾರೆ," ಎಂದರು. ವಾಚಣ್ಣ ತಟ್ಟೆಯಿಂದ ತಲೆಯೆತ್ತಿ, "ಮೊದಲು ಗಾಜು ಆರಿಸಬೇಕು. ನಾನು ಬಂದು ಹೇಳಿಕೊಡ್ತೀನಿ," ಎಂದ. ಡ್ರೈವರಮ್ಮ ತುತ್ತು ಬಾಯಿಗಿಡುವುದನ್ನು ಮರೆತು ಅವನನ್ನೇ ನೋಡಿದಳು. ಯಾರೂ ಕರೆಯದೆ, ಕೇಳದೆ, ಅವನು ಪರಿಚಯವಿಲ್ಲದವರ ಹತ್ತಿರ ಎರಡು ವಾಕ್ಯ ಆಡಿದ್ದ.

ಮಾಲೀಕರನ್ನು ಒಪ್ಪಿಸಿ ಗೋಡೆಯಲ್ಲಿ ಒಂದು ಬಾಗಿಲು ತೆಗೆಸಲು ಎರಡೂ ಕಟ್ಟಡದವರು ಸೇರಿ ಹೋಗಬೇಕಾಯಿತು. ಮಾತಾಡುವ ಕೆಲಸ ಸಿಸ್ಟರ್ ವಹಿಸಿಕೊಂಡರು. ರೋಗಿಗೆ ಇಂಜೆಕ್ಷನ್ ಕೊಡುವಾಗಿನ ದನಿಯಲ್ಲಿ ಮಾತಾಡಿದ್ದರಿಂದ ಮಾಲೀಕರು ಬೇಗ ಒಪ್ಪಿದರು. ಬಾಗಿಲಾದ ವಾರವೇ ಆ ಕಡೆಯವರಿಗೂ ಈ ಕಡೆಯವರಿಗೂ ನಲ್ಲಿ ಪೈಪಿನ ಸರದಿಗಾಗಿ ಜಗಳವಾಯಿತು. ಬದನೆ ಸಸಿ ತುಳಿದದ್ದು ಯಾರು ಎಂದು ಇನ್ನೊಂದು. ಸಿಸ್ಟರ್ ಈಗ ತಮ್ಮ ಪಟ್ಟಿಯಲ್ಲಿ ಮೂಲಂಗಿ ಹಾಕಿದ್ದಾರೆ. ಡ್ಯೂಟಿಯಿಂದ ಬಂದವರು ಸಮವಸ್ತ್ರದಲ್ಲೇ ಬಗ್ಗಿ ಅದಕ್ಕೆ ನೀರು ಹಾಕಿ, ಯಾರು ಯಾರಿಗೆ ಏನಂದರು ಎಂದು ಅಜ್ಜಿಯಿಂದ ಪೂರ್ತಿ ವರದಿ ಕೇಳಿಕೊಂಡೇ ಮಲಗಲು ಹೋಗುವುದು.

"ಇಷ್ಟು ಜನರ ಮೇಲೆ ಕಣ್ಣಿಡೋದು ಅಂದ್ರೆ ಸುಮ್ಮನೆಯಾ?" ಎನ್ನುತ್ತಾಳೆ ಅಜ್ಜಿ, ಕಿಟಕಿಗೆ ದಿಂಬು ಒರಗಿಸಿಕೊಳ್ಳುತ್ತ. "ನನಗೆ ಊಟಕ್ಕೂ ಪುರುಸೊತ್ತಿಲ್ಲ."